ಮನೆ ಅನ್ಯಾಂಗ್‌ನಲ್ಲಿ, ಕಚೇರಿ ಸಿಯೋಲ್‌ನಲ್ಲಿ: ಯಾವ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಯಾಗಲಿ?

1983ರಿಂದ ಇರುವ, ಆರು ಲೀಗ್ ಪ್ರಶಸ್ತಿ ಗೆದ್ದ ಎಫ್‌ಸಿ ಸಿಯೋಲ್ ಒಂದು ಕಡೆ, 2013ರಲ್ಲಿ ಹುಟ್ಟಿದ "ಇತಿಹಾಸವಿಲ್ಲದ" ಎಫ್‌ಸಿ ಅನ್ಯಾಂಗ್ ಇನ್ನೊಂದು ಕಡೆ, ಯಾವುದನ್ನು ಆರಿಸಿಕೊಂಡರೆ ಕೊರಿಯಾದವರ ಜೊತೆ ಬೇಗ ಬೆರೆಯಬಹುದು ಎಂದು ಕೇಳಿದ್ದೀರಿ. ಆ "ಇತಿಹಾಸವಿಲ್ಲದ" ಎಂಬ ಮಾತನ್ನು ಸಿಯೋಲ್ ಪಕ್ಕದ ಊರಾದ ಅನ್ಯಾಂಗ್‌ನಲ್ಲಿ ಯಾರೆದುರೂ ಆಡಬೇಡಿ. ನಾನು ಆಡಿದ್ದು ಅದಕ್ಕಿಂತ ಕೆಟ್ಟ ಮಾತು, ಅದೂ ಕೈಯಲ್ಲಿ ಉಡುಗೊರೆ ಹಿಡಿದುಕೊಂಡು.

ಕಂಪನಿ ನನ್ನನ್ನು ಅಲ್ಲಿಗೆ ಕಳುಹಿಸಿದ್ದು 2012ರಲ್ಲಿ. ನಿಮ್ಮಂತೆಯೇ ಅನ್ಯಾಂಗ್‌ನಲ್ಲಿ ಬಾಡಿಗೆ ಕಡಿಮೆ ಎಂದು ಮನೆ ಹಿಡಿದು, ಒಂದನೇ ಮಾರ್ಗದ ಮೆಟ್ರೊದಲ್ಲಿ ದಿನಾ ಸಿಯೋಲ್‌ಗೆ ಹೋಗಿ ಬರುತ್ತಿದ್ದೆ. ಮನೆಯ ಕೆಳಗೇ ಕೋಳಿ ಕರಿದು ಬಿಯರ್ ಜೊತೆ ಕೊಡುವ ಒಂದು ಸಣ್ಣ ಅಂಗಡಿ. ನಾನು ಸಸ್ಯಾಹಾರಿ. ಅಂಥ ಅಂಗಡಿಯಲ್ಲಿ ನನಗೆ ದಕ್ಕುತ್ತಿದ್ದುದು ಕರಿದ ಆಲೂಗಡ್ಡೆ ಮತ್ತು ಹುಳಿಸಿಹಿ ನೀರಿನಲ್ಲಿ ನೆನೆಸಿದ ಮೂಲಂಗಿ ತುಂಡುಗಳು ಮಾತ್ರ. ಆದರೂ ಹೋಗುತ್ತಿದ್ದೆ, ಏಕೆಂದರೆ ಅಲ್ಲಿ ಟಿವಿಯಲ್ಲಿ ಯಾವಾಗಲೂ ಫುಟ್‌ಬಾಲ್ ಇರುತ್ತಿತ್ತು ಮತ್ತು ಅಂಗಡಿಯ ಯಜಮಾನರಿಗೆ ಮಾತನಾಡಲು ಜನ ಬೇಕಿತ್ತು. ಎಲ್ಲರೂ ಅವರನ್ನು ಸಾಜಾಂಗ್‌ನಿಮ್, ಅಂದರೆ ಯಜಮಾನರೇ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ನನ್ನ ಹರಕು ಕೊರಿಯನ್ ಭಾಷೆಯನ್ನು ತಿದ್ದಿದವರು ಅವರು. ಕಸ ಯಾವ ಚೀಲಕ್ಕೆ ಹಾಕಬೇಕು, ಗ್ಯಾಸ್ ಬಿಲ್ ಎಲ್ಲಿ ಕಟ್ಟಬೇಕು ಎಂದು ಹೇಳಿಕೊಟ್ಟವರೂ ಅವರೇ.

ಅಂಗಡಿಯ ಗೋಡೆಯ ಮೇಲೆ ಹಳೆಯದೊಂದು ಕೆಂಪು ಸ್ಕಾರ್ಫ್ ಇತ್ತು. ಪಕ್ಕದಲ್ಲಿ 2000ದ ಚಾಂಪಿಯನ್ ತಂಡದ ಫೋಟೊ. ಅಕ್ಷರ ಕೂಡಿಸಿ ಓದಿದರೆ "ಅನ್ಯಾಂಗ್ ಎಲ್‌ಜಿ" ಎಂದಿತ್ತು. ಆ ವರ್ಷದ ಲೀಗಿನ ಅತ್ಯುತ್ತಮ ಆಟಗಾರನಾಗಿದ್ದ ಚೋಯ್ ಯೋಂಗ್-ಸೂ ಫೋಟೊದಲ್ಲಿದ್ದ. ಅದನ್ನು ತೋರಿಸಿ ಸಾಜಾಂಗ್‌ನಿಮ್ ಏನೇನೋ ಹೇಳುತ್ತಿದ್ದರು, ನನಗೆ ಅರ್ಧ ಅರ್ಥವಾಗುತ್ತಿತ್ತು.

ಈಗ ನನ್ನ ತಪ್ಪನ್ನು ಎಳೆ ಎಳೆಯಾಗಿ ಬಿಡಿಸುತ್ತೇನೆ, ಏಕೆಂದರೆ ನೀವು ಹೊರಟಿರುವುದೂ ಅದೇ ದಾರಿಯಲ್ಲಿ. ನಾನು ಮನೆಗೆ ಬಂದು ಅಂತರ್ಜಾಲದಲ್ಲಿ ಹುಡುಕಿದೆ. ಸಿಕ್ಕಿದ್ದು ಹೆಸರುಗಳ ಒಂದು ಸಾಲು: 1983ರಲ್ಲಿ ಲಕ್ಕಿ-ಗೋಲ್ಡ್‌ಸ್ಟಾರ್, 1991ರಲ್ಲಿ ಎಲ್‌ಜಿ ಚೀತಾಸ್, 1996ರಲ್ಲಿ ಅನ್ಯಾಂಗ್ ಎಲ್‌ಜಿ ಚೀತಾಸ್, 2004ರಲ್ಲಿ ಎಫ್‌ಸಿ ಸಿಯೋಲ್. ಬಾಣದ ಗುರುತಿನಿಂದ ಜೋಡಿಸಿದ ಈ ಸಾಲನ್ನು ನೋಡಿ, ಹೆಸರು ಬದಲಾಗಿದೆ ಅಷ್ಟೆ, ತಂಡ ಅದೇ ಎಂದು ತೀರ್ಮಾನಿಸಿದೆ. ಬಣ್ಣವೂ ಹೊಂದಿಕೆಯಾಯಿತು. ಗೋಡೆಯ ಸ್ಕಾರ್ಫ್ ಕೆಂಪು, ಎಫ್‌ಸಿ ಸಿಯೋಲ್ ಜೆರ್ಸಿ ಕೆಂಪು-ಕಪ್ಪು. ಸಾಲದ್ದಕ್ಕೆ ನಾನು ಹೋದ ವರ್ಷವೇ, 2012ರಲ್ಲಿ, ಎಫ್‌ಸಿ ಸಿಯೋಲ್ ಲೀಗ್ ಗೆದ್ದಿತು, ಗೆಲ್ಲಿಸಿದ ಕೋಚ್ ಯಾರು? ಗೋಡೆಯ ಮೇಲಿನ ಅದೇ ಚೋಯ್ ಯೋಂಗ್-ಸೂ! ಇಷ್ಟು ಸಾಕ್ಷ್ಯ ಸಿಕ್ಕ ಮೇಲೆ ಎಂಜಿನಿಯರ್ ಆದವನು ಇನ್ನೊಬ್ಬರನ್ನು ಕೇಳುವುದುಂಟೆ? ಸಿಯೋಲ್‌ನ ಸಾಂಗಾಮ್ ಬಡಾವಣೆಯಲ್ಲಿರುವ ವಿಶ್ವಕಪ್ ಕ್ರೀಡಾಂಗಣಕ್ಕೆ ಹೋಗಿ ಎಫ್‌ಸಿ ಸಿಯೋಲ್ ಸ್ಕಾರ್ಫ್ ಕೊಂಡೆ. ಕಾಗದ ಸುತ್ತಿಸಿದೆ. "ನಿಮ್ಮ ತಂಡ ಮತ್ತೆ ಚಾಂಪಿಯನ್ ಆಗಿದೆ, ಅಭಿನಂದನೆಗಳು" ಎಂಬ ವಾಕ್ಯವನ್ನು ಕೊರಿಯನ್‌ನಲ್ಲಿ ಬಾಯಿಪಾಠ ಮಾಡಿ, ಅಂಗಡಿ ತುಂಬಿದ್ದ ಒಂದು ಶುಕ್ರವಾರ ರಾತ್ರಿ, ಅಲ್ಲಿನ ರೂಢಿಯಂತೆ ಎರಡೂ ಕೈಗಳಿಂದ ಕೊಟ್ಟೆ.

ಅವರು ಬಿಚ್ಚಿ ನೋಡಿದರು. ಹಿಂದಿನ ಮೇಜಿನಲ್ಲಿದ್ದವನೊಬ್ಬ ಗಟ್ಟಿಯಾಗಿ ನಕ್ಕ, ಇನ್ನೊಬ್ಬ ಅವನಿಗೆ ಗದರಿದ. ಸಾಜಾಂಗ್‌ನಿಮ್ ಅದನ್ನು ಮಡಚಿ, ಚೀಲಕ್ಕೆ ಹಾಕಿ, ಎರಡೂ ಕೈಗಳಿಂದ ನನಗೇ ಹಿಂದಿರುಗಿಸಿದರು. ಅಲ್ಲಿಂದ ಮುಂದೆ ಆಲೂಗಡ್ಡೆ ಬರುತ್ತಿತ್ತು, ಬಿಲ್ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕ್ರಮೇಣ ನಾನೇ ಹೋಗುವುದನ್ನು ಬಿಟ್ಟೆ.

ಮಾಡಿದ್ದೇನು ಎಂದು ತಿಳಿದದ್ದು ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ. ಎಲ್‌ಜಿ ತಂಡ ಎಂಟು ಋತುಗಳ ಕಾಲ ಅನ್ಯಾಂಗ್‌ನದಾಗಿತ್ತು. 2002ರ ವಿಶ್ವಕಪ್ಪಿಗಾಗಿ ರಾಜಧಾನಿಯಲ್ಲಿ ಅರವತ್ತಾರು ಸಾವಿರ ಆಸನಗಳ ಕ್ರೀಡಾಂಗಣ ಕಟ್ಟಿದರು, ಕಪ್ ಮುಗಿದ ಮೇಲೆ ಅಲ್ಲಿ ಆಡಲು ಊರಿನದೇ ವೃತ್ತಿಪರ ತಂಡವಿರಲಿಲ್ಲ. 2004ರ ಫೆಬ್ರುವರಿಯಲ್ಲಿ, ಹೊಸ ಋತು ಬಾಗಿಲಲ್ಲಿರುವಾಗ, ಎಲ್‌ಜಿ ತನ್ನ ತಂಡವನ್ನು ಅಲ್ಲಿಗೆ ಒಯ್ದಿತು. ಅಭಿಮಾನಿಗಳು ಬೀದಿಗಿಳಿದರು, ಫಲ ಸಿಗಲಿಲ್ಲ. ಆ ವಸಂತದಲ್ಲಿ ಅನ್ಯಾಂಗ್ ಕ್ರೀಡಾಂಗಣ ಖಾಲಿ. ಮುಂದಿನ ಒಂಬತ್ತು ವರ್ಷವೂ ಊರಿಗೆ ವೃತ್ತಿಪರ ತಂಡವಿರಲಿಲ್ಲ.

ಹೋದದ್ದು ತಂಡ ಮಾತ್ರವಲ್ಲ, ವೈರಿಯೂ ಹೋದ. ಒಂದನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಅನ್ಯಾಂಗ್ ಕಡೆಯಿಂದ ಸುವೊನ್‌ಗೆ ಹೋಗುವಾಗ ಜಿಜಿದೇ ಎಂಬ ಕಣಿವೆದಾರಿ ಸಿಗುತ್ತದೆ. ಅನ್ಯಾಂಗ್ ಎಲ್‌ಜಿ ಮತ್ತು ಸುವೊನ್ ಸ್ಯಾಮ್‌ಸಂಗ್ ಸೆಣಸಾಟಕ್ಕೆ ಅದರದೇ ಹೆಸರಿತ್ತು. ಅನ್ಯಾಂಗ್‌ನ ಪ್ರಿಯ ಆಟಗಾರ ಸಿಯೊ ಜಂಗ್-ವೊನ್ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗಿ, 1999ರಲ್ಲಿ ಮರಳಿ ಬಂದಾಗ ಸೇರಿದ್ದು ಸುವೊನ್‌ಗೆ. ಅಭಿಮಾನಿಗಳು ಅವನ ಜೆರ್ಸಿ ಸುಟ್ಟರು, ಪ್ರಕರಣ ನ್ಯಾಯಾಲಯದವರೆಗೂ ಹೋಯಿತು. 2004ರ ನಂತರ ಆ ವೈರವೂ ಗಂಟುಮೂಟೆ ಕಟ್ಟಿ ಸಿಯೋಲ್‌ಗೆ ಹೋಗಿ, "ಸೂಪರ್ ಮ್ಯಾಚ್" ಎಂಬ ಹೆಸರಿನಲ್ಲಿ ಟಿವಿಯವರ ಅಚ್ಚುಮೆಚ್ಚಾಯಿತು. ಅನ್ಯಾಂಗ್‌ನವರು ತಮ್ಮದೇ ಜಗಳವನ್ನು ಇನ್ನೊಬ್ಬರು ಆಡುವುದನ್ನು ಟಿವಿಯಲ್ಲಿ ನೋಡಿದರು.

ನಾನು ಸ್ಕಾರ್ಫ್ ಹಿಡಿದು ಹೋದ ಹೊತ್ತೂ ಎಂಥದ್ದು ನೋಡಿ. ನಗರದ್ದೇ ಒಂದು ಕ್ಲಬ್ ಕಟ್ಟುವ ಸುಗ್ರೀವಾಜ್ಞೆಗೆ, ಅಲ್ಲ, ನಗರಸಭೆಯ ನಿಯಮಾವಳಿಗೆ, ಆ ಅಕ್ಟೋಬರ್‌ನಲ್ಲಷ್ಟೇ ಒಪ್ಪಿಗೆ ಸಿಕ್ಕಿತ್ತು. ಅದಕ್ಕಾಗಿ ಓಡಾಡಿದವರಲ್ಲಿ ಸಾಜಾಂಗ್‌ನಿಮ್ ಒಬ್ಬರು. ಜಮೀನು ಕಳೆದುಕೊಂಡವರ ಮನೆಗೆ ಅದೇ ಜಮೀನಿನ ಕಬ್ಬು ತಂದುಕೊಟ್ಟು, "ಈ ಸಲ ಫಸಲು ಚೆನ್ನಾಗಿ ಬಂದಿದೆ" ಎಂದಂತಾಯಿತು ನನ್ನ ಅಭಿನಂದನೆ. 2013ರ ಫೆಬ್ರುವರಿಯಲ್ಲಿ ಎಫ್‌ಸಿ ಅನ್ಯಾಂಗ್ ಸ್ಥಾಪನೆಯಾಗಿ, ಆಗಷ್ಟೇ ಶುರುವಾದ ಎರಡನೇ ಶ್ರೇಣಿಯ ಲೀಗಿನಲ್ಲಿ ಆಡಿತು. ಮೊದಲ ಪಂದ್ಯಕ್ಕೆ ನನ್ನನ್ನೂ ಕರೆದೊಯ್ಯುವುದಾಗಿ ಅವರು ಮೊದಲು ಹೇಳಿದ್ದರು. ಕರೆಯಲಿಲ್ಲ. ಒಂದು ಊರಿನ ತಂಡ ಹುಟ್ಟುವುದನ್ನು ಅದಕ್ಕೆ ಕಾದವರ ನಡುವೆ ಕುಳಿತು ನೋಡುವ ಅವಕಾಶ ನನ್ನ ಮನೆಯ ಕೆಳಗೇ ಇತ್ತು, ಕಳೆದುಕೊಂಡೆ. ಆಮೇಲೆ ಒಬ್ಬನೇ ಟಿಕೆಟ್ ಕೊಂಡು ಹೋಗಿ ಮೂಲೆಯಲ್ಲಿ ಕುಳಿತಿದ್ದೇನೆ, ಅದು ಬೇರೆ ಮಾತು.

ಅಲ್ಲಿ ಹೋದಾಗ ಕಂಡದ್ದು ನೇರಳೆ ಬಣ್ಣ. ಅನ್ಯಾಂಗ್ ಒಂದು ಕಾಲಕ್ಕೆ ದ್ರಾಕ್ಷಿಗೆ ಹೆಸರಾದ ಊರು, ಹೊಸ ಕ್ಲಬ್ ಆ ಬಣ್ಣ ತೆಗೆದುಕೊಂಡಿತು. ಕೆಂಪನ್ನು ಹೋದವರಿಗೇ ಬಿಟ್ಟುಕೊಟ್ಟರು. ಆದರೆ ಅಭಿಮಾನಿ ಬಳಗ ಮಾತ್ರ ಎಲ್‌ಜಿ ಕಾಲದ "ಎ.ಎಸ್.ಯು. ರೆಡ್" ಎಂಬ ಹೆಸರನ್ನು ಬಿಡಲಿಲ್ಲ. ಮೈಮೇಲೆ ನೇರಳೆ, ಹೆಸರಿನಲ್ಲಿ ಕೆಂಪು. "ಇತಿಹಾಸವಿಲ್ಲ" ಎನ್ನುವ ಮೊದಲು ಇದನ್ನು ಸ್ವಲ್ಪ ಯೋಚಿಸಿ.

ಸಿಯೋಲ್ ಅಭಿಮಾನಿಗಳಿಗೂ ಅವರದೇ ವಾದವಿದೆ, ಅದು ಪೊಳ್ಳಲ್ಲ. ಈ ತಂಡ 1990ರಿಂದ 1995ರವರೆಗೆ ಸಿಯೋಲ್‌ನಲ್ಲೇ ಇತ್ತು. ರಾಜಧಾನಿಯಲ್ಲಿ ಮೂರು ತಂಡಗಳು ಗುಂಪುಗೂಡಿವೆ, ಬೇರೆ ಊರುಗಳಿಗೂ ಫುಟ್‌ಬಾಲ್ ಹೋಗಲಿ ಎಂದು ಲೀಗ್ ನೀತಿ ಮಾಡಿದ್ದರಿಂದ 1996ರಲ್ಲಿ ಎಲ್‌ಜಿ ಅನ್ಯಾಂಗ್‌ಗೆ, ಯುಕಾಂಗ್ ಬುಚಿಯೊನ್‌ಗೆ, ಇಲ್ಹ್ವಾ ಚಿಯೊನಾನ್‌ಗೆ ಹೋಗಬೇಕಾಯಿತು. ಹಾಗಾಗಿ 2004ರಲ್ಲಿ ನಾವು ಬಂದದ್ದು ನಮ್ಮ ಮನೆಗೇ ಎನ್ನುತ್ತಾರೆ. ಸರಿ, ಒಪ್ಪೋಣ. ಆದರೆ 1983ರ ಲೆಕ್ಕ ಹಿಡಿದರೆ ಆ ಮನೆ ಸಿಯೋಲ್ ಕೂಡ ಅಲ್ಲ. ಶುರುವಿನಲ್ಲಿ ಲಕ್ಕಿ-ಗೋಲ್ಡ್‌ಸ್ಟಾರ್‌ನ ನೆಲೆ ಇದ್ದದ್ದು ಮಧ್ಯ ಕೊರಿಯಾದ ಚುಂಗ್‌ಚಿಯೊಂಗ್ ಪ್ರಾಂತ್ಯ.

ನೀವು ಹೇಳುವ ಆರು ಪ್ರಶಸ್ತಿಗಳನ್ನು ಒಮ್ಮೆ ಊರಿನ ಪ್ರಕಾರ ಹರಡಿ ನೋಡಿ. 1985ರದ್ದು ಚುಂಗ್‌ಚಿಯೊಂಗ್ ಕಾಲದ್ದು. 1990ರದ್ದು ಸಿಯೋಲ್‌ನದು. 2000ದ್ದು ಅನ್ಯಾಂಗ್‌ನದು, ಚೋ ಕ್ವಾಂಗ್-ರೇ ಕೋಚ್ ಆಗಿದ್ದಾಗ. 2010, 2012, 2016 ಮತ್ತೆ ಸಿಯೋಲ್. ಆರನ್ನೂ ಒಟ್ಟಿಗೆ ಹಿಡಿದಿಟ್ಟಿರುವುದು ಕಂಪನಿಯ ಕಡತ. ಕೊರಿಯಾದ ವೃತ್ತಿಪರ ಲೀಗ್ ಶುರುವಾದದ್ದೇ ಹಾಗೆ. 1983ರಲ್ಲಿ ಆಡಿದ ಐದು ತಂಡಗಳಲ್ಲಿ ದೇವೂ, ಪೋಸ್ಕೊ, ಯುಕಾಂಗ್, ಒಂದು ಬ್ಯಾಂಕು ಇದ್ದವು. ಬೆಂಗಳೂರಿನವರಿಗೆ ಇದು ಹೊಸದೇನಲ್ಲ. ಎಚ್‌ಎಎಲ್, ಐಟಿಐ ತಂಡಗಳನ್ನು ನೋಡಿ ಬೆಳೆದವರು ನಾವು. ಕಂಪನಿಗೆ ಬೇಕಿರುವವರೆಗೆ ತಂಡ ಇರುತ್ತದೆ.

ಇದೇ ಕಥೆ ಬುಚಿಯೊನ್‌ನಲ್ಲೂ ನಡೆಯಿತು. 2006ರಲ್ಲಿ ಎಸ್‌ಕೆ ಕಂಪನಿ (ಹಿಂದಿನ ಯುಕಾಂಗ್) ತನ್ನ ತಂಡವನ್ನು ಜೆಜು ದ್ವೀಪಕ್ಕೆ ಒಯ್ದಿತು. ಅಲ್ಲಿನ ಅಭಿಮಾನಿಗಳು ಮರುವರ್ಷವೇ ಬುಚಿಯೊನ್ ಎಫ್‌ಸಿ 1995 ಎಂಬ ಹೊಸ ಕ್ಲಬ್ ಕಟ್ಟಿ, ಹವ್ಯಾಸಿಗಳ ಲೀಗಿನಿಂದ ಆಟ ಶುರು ಮಾಡಿದರು. ಹೆಸರಿನಲ್ಲಿರುವ 1995 ಕ್ಲಬ್ ಹುಟ್ಟಿದ ವರ್ಷವಲ್ಲ, ಅಭಿಮಾನಿ ಬಳಗ ಹುಟ್ಟಿದ ವರ್ಷ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಎಫ್‌ಸಿ ಅನ್ಯಾಂಗ್ ಮುಂದೆ ಏನಾಯಿತು ಎಂದು ನಾನು ಮೈಸೂರಿಗೆ ವಾಪಸಾದ ಮೇಲೂ ನೋಡುತ್ತ ಬಂದಿದ್ದೇನೆ. 2022ರಲ್ಲಿ ಮೇಲಿನ ಶ್ರೇಣಿಗೆ ಏರುವ ನಿರ್ಣಾಯಕ ಪಂದ್ಯ, ಎದುರಾಳಿ ಹಳೆಯ ವೈರಿ ಸುವೊನ್. ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಓ ಹ್ಯೊನ್-ಗ್ಯು ಗೋಲು ಹೊಡೆದು ಸುವೊನ್ ಅನ್ನು ಉಳಿಸಿದ. (ಆ ರಾತ್ರಿ ನಾನು ಊಟ ಮಾಡಲಿಲ್ಲ, ಮನೆಯವರು ಬೈದರು.) ಮರುವರ್ಷ ಸುವೊನ್ ತಾನೇ ಕೆಳಗೆ ಜಾರಿತು. 2024ರಲ್ಲಿ ಅನ್ಯಾಂಗ್ ಎರಡನೇ ಶ್ರೇಣಿಯ ಚಾಂಪಿಯನ್ ಆಯಿತು, ಮೇಯರ್ ಮಹಾಶಯರು ಕೊಟ್ಟ ಮಾತಿನಂತೆ ತಲೆಗೂದಲಿಗೆ ನೇರಳೆ ಬಣ್ಣ ಬಳಿದುಕೊಂಡರು. 2025ರ ಫೆಬ್ರುವರಿ 22ರಂದು ಮೊದಲ ಬಾರಿ ಲೀಗ್ ಪಂದ್ಯದಲ್ಲಿ ಎಫ್‌ಸಿ ಸಿಯೋಲ್ ಎದುರು, ಅದೇ ವಿಶ್ವಕಪ್ ಕ್ರೀಡಾಂಗಣದಲ್ಲಿ, 41 ಸಾವಿರಕ್ಕೂ ಹೆಚ್ಚು ಜನರ ಮುಂದೆ ಆಡಿ 2–1ರಿಂದ ಸೋತಿತು. ಆಗಸ್ಟ್ ಕೊನೆಯಲ್ಲಿ ಅದೇ ಅಂಗಳದಲ್ಲಿ, ಅದೇ ಅಂತರದಿಂದ ಗೆದ್ದಿತು.

ಈಗ ನಿಮ್ಮ ಆಯ್ಕೆಯ ವಿಷಯ. ಪ್ರಶಸ್ತಿ ಎಣಿಸಿ, ಸ್ಥಾಪನೆಯ ವರ್ಷ ನೋಡಿ ತಂಡ ಆರಿಸುವ ಯೋಚನೆಯೇ ನನಗೆ ಹಿಡಿಸುವುದಿಲ್ಲ. ಷೇರು ಕೊಳ್ಳುವವರು ಹಾಗೆ ನೋಡಬೇಕು. ನೀವು ಅನ್ಯಾಂಗ್‌ನಲ್ಲಿ ಮಲಗಿ ಏಳುವವರು, ಅನ್ಯಾಂಗ್ ತಂಡಕ್ಕೆ ಹೋಗಿ. ನಾಳೆ ಸಾಂಗಾಮ್ ಹತ್ತಿರ ಮನೆ ಬದಲಿಸಿದರೆ ಎಫ್‌ಸಿ ಸಿಯೋಲ್‌ಗೆ ಹೋಗಿ, ಮುಜುಗರ ಬೇಡ. 2004ರ ನಂತರ ಹುಟ್ಟಿ ಆ ಕೆಂಪು-ಕಪ್ಪಿನಲ್ಲೇ ಬೆಳೆದ ಸಿಯೋಲ್ ಮಕ್ಕಳು ಯಾವ ಪಾಪವನ್ನೂ ಮಾಡಿಲ್ಲ. ಎರಡೂ ಇರಲಿ, ಮನೆಯ ಹತ್ತಿರ ಒಂದು, ಕಚೇರಿಯ ಹತ್ತಿರ ಒಂದು ಎಂಬ ಜಾಣತನ ಮಾತ್ರ ಮಾಡಬೇಡಿ. ಬೇರೆ ಯಾವ ಜೋಡಿಗಾದರೂ ಅದು ನಡೆಯಬಹುದು, ಈ ಎರಡಕ್ಕೆ ನಡೆಯುವುದಿಲ್ಲ.

ಸಹೋದ್ಯೋಗಿಗಳ ಜೊತೆ ಬೆರೆಯುವುದಕ್ಕೆ ಫುಟ್‌ಬಾಲ್ ಅಡ್ಡದಾರಿ ಎಂದು ನಿಮಗೆ ಯಾರು ಹೇಳಿದರೋ ತಿಳಿಯದು. ಅಲ್ಲಿ ಬೇಸ್‌ಬಾಲ್ ನೋಡುವವರೇ ಹೆಚ್ಚು, ನಿಮ್ಮ ಕಚೇರಿಯಲ್ಲಿ ಅರ್ಧ ಜನಕ್ಕೆ ಈ ಜಗಳ ಗೊತ್ತೇ ಇರಲಿಕ್ಕಿಲ್ಲ. ಗೊತ್ತಿರುವವರಿಗೆ ಬಹಳ ಚೆನ್ನಾಗಿ ಗೊತ್ತಿರುತ್ತದೆ. ಅವರಲ್ಲಿ ಒಬ್ಬರನ್ನು ಹಿಡಿದು, "2004ರಲ್ಲಿ ನೀವು ಎಲ್ಲಿದ್ದಿರಿ" ಎಂದು ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಮೊದಲ ಪಂದ್ಯವಾಗಿ ಸಿಯೋಲ್ ವಿರುದ್ಧದ ಪಂದ್ಯಕ್ಕೆ ಹೋಗಬೇಡಿ, ಅಂದಿನ ಕೋಪ ನಿಮ್ಮದಲ್ಲ. ದೂರದ ಯಾವುದೋ ಊರಿನ ತಂಡ ಬಂದಿರುವ ಒಂದು ಸಾಮಾನ್ಯ ಪಂದ್ಯ ಆರಿಸಿಕೊಳ್ಳಿ, ಬಿಸಾನ್-ದೋಂಗ್‌ನಲ್ಲಿರುವ ಅನ್ಯಾಂಗ್ ಕ್ರೀಡಾಂಗಣಕ್ಕೆ ನಿಮ್ಮ ಮನೆಯಿಂದ ಬಸ್ಸಿದ್ದರೆ ಬಸ್ಸಿನಲ್ಲೇ ಹೋಗಿ, ಮತ್ತು ಆ ದಿನ ಕೆಂಪು ಅಂಗಿ ತೊಡಬೇಡಿ.