8 ಓಮ್ ಕ್ಯಾಬ್ ಜೊತೆ 16 ಓಮ್ ಕ್ಯಾಬ್: ರೆಸಿಸ್ಟರ್ ಆಮೇಲೆ, ಮೊದಲು ಕೇಬಲ್ ನೋಡಿ

50 ವ್ಯಾಟ್ ಟ್ಯೂಬ್ ಹೆಡ್ (ಸ್ಪೀಕರ್ ಇಲ್ಲದ ಗಿಟಾರ್ ಆಂಪ್), ನಿಮ್ಮ 8 ಓಮ್ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ), ಗೆಳೆಯನ 16 ಓಮ್ ಕ್ಯಾಬ್. ಪ್ಯಾರಲಲ್ ಕೊಟ್ಟರೆ 5.33 ಓಮ್ ಬರುತ್ತದೆ, ಕ್ಯಾಬ್‌ನ ಓಮ್‌ಗೆ ಹೊಂದಿಸುವ ಹೆಡ್‌ನ ಸೆಲೆಕ್ಟರ್‌ನಲ್ಲಿ ಇರೋದು 4, 8, 16 ಮಾತ್ರ, ಎಷ್ಟು ಓಮಿನ ರೆಸಿಸ್ಟರ್ ಹಾಕಿ 8 ಮಾಡಲಿ ಅಂತ ಕೇಳಿದ್ದೀರಿ. ಇಂಥದ್ದೇ ಲೆಕ್ಕವನ್ನು ಪೇಪರ್ ಮೇಲೆ ಗೀಚಿಕೊಂಡು ಕೂತಿದ್ದವನು ನಾನು. ಲೆಕ್ಕ ಪಕ್ಕಾ ಇತ್ತು. ಆದರೂ ಟ್ಯೂಬಿಗೂ ಸ್ಪೀಕರಿಗೂ ಮಧ್ಯೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು.

ನನ್ನದು ಸೆಕೆಂಡ್ ಹ್ಯಾಂಡ್ ಹೆಡ್, ಎರಡು ಇಎಲ್34 ಟ್ಯೂಬ್ ಇರೋದು. ಕ್ಯಾಬ್ ಎರಡೂ 16 ಓಮ್. ಪ್ಯಾರಲಲ್‌ನಲ್ಲಿ 8 ಆಯ್ತು, ಸೆಲೆಕ್ಟರ್ ಕೂಡ 8ಕ್ಕೇ ಇಟ್ಟಿದ್ದೆ. ಹಾಸನದಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾ. ಕ್ಯಾಬ್‌ಗಳನ್ನು ಡ್ರಮ್ಸ್ ಪಕ್ಕ ಇಡಿ ಅಂದರು, ಹೆಡ್ ನನ್ನ ಕೈಗೆ ಸಿಗುವ ಹಾಗೆ ಬೇಕು, ಸ್ಪೀಕರ್ ಕೇಬಲ್ ಅಷ್ಟು ದೂರ ಎಟುಕಲಿಲ್ಲ. ಬ್ಯಾಗಲ್ಲಿ ಉದ್ದದ ಗಿಟಾರ್ ಕೇಬಲ್ ಇತ್ತು. ಎರಡೂ ತುದಿಯಲ್ಲಿ ಅದೇ ಪಿ38 (ಕಾಲು ಇಂಚಿನ) ಜ್ಯಾಕ್. ಚುಚ್ಚಿದೆ, ಸೌಂಡ್ ಬಂತು.

ಕಾರ್ಯಕ್ರಮದ ಮಧ್ಯೆ ಗಿಟಾರ್ ಪೂರ್ತಿ ನಿಂತುಹೋಯಿತು. ಆಗ ನಾನು ಮಾಡಿದ್ದೇನು ಅಂದ್ರೆ, ವಾಲ್ಯೂಮ್ ಜಾಸ್ತಿ ಮಾಡಿ ಜೋರಾಗಿ ಒಂದು ಕಾರ್ಡ್ ಬಾರಿಸಿದೆ. ಬರಲಿಲ್ಲ. ಇನ್ನೂ ಜಾಸ್ತಿ ಮಾಡಿ ಇನ್ನೊಮ್ಮೆ ಬಾರಿಸಿದೆ. ಹೆಡ್ ಒಳಗೆ ಟಪ್ ಅಂತು, ನೀಲಿ ಕಿಡಿ ಕಾಣಿಸಿತು, ವಾರ್ನಿಷ್ ಸುಟ್ಟ ವಾಸನೆ ಬಂತು, ಫ್ಯೂಸ್ ಹೋಯಿತು.

ಇದನ್ನು ಬಿಡಿಸಿ ಹೇಳಲೇಬೇಕು, ಸ್ವಲ್ಪ ಉದ್ದ ಆದರೂ ಓದಿ. ಗಿಟಾರ್ ಕೇಬಲ್‌ನ ಒಳಗೆ ಇರೋದು ಒಂದು ತೆಳುವಾದ ತಂತಿ, ಸುತ್ತ ಜಾಲರಿ. ಪಿಕಪ್‌ನ ಸಣ್ಣ ಸಿಗ್ನಲ್‌ಗೆ ಅದು ಸಾಕು. 50 ವ್ಯಾಟ್ ಅನ್ನು 8 ಓಮಿಗೆ ಕೊಟ್ಟರೆ ಎರಡೂವರೆ ಆಂಪಿಯರ್ ಹರಿಯುತ್ತದೆ, ಅದಕ್ಕೆ ಆ ತಂತಿ ತಕ್ಕದ್ದಲ್ಲ. ಜ್ಯಾಕ್ ಹತ್ತಿರ ಮೊದಲೇ ಬಡಕಲಾಗಿದ್ದ ತಂತಿ ಬಿಸಿಯಾಗಿ ಬಿಟ್ಟುಕೊಂಡಿತು. ಹೆಡ್‌ನಿಂದ ಮೊದಲ ಕ್ಯಾಬ್‌ಗೆ, ಅಲ್ಲಿಂದ ಎರಡನೆಯದಕ್ಕೆ ಅಂತ ಕೊಟ್ಟಿದ್ದರಿಂದ ಒಂದೇ ಏಟಿಗೆ ಎರಡೂ ಕ್ಯಾಬ್ ಕಟ್. ಅಂದರೆ ಹೆಡ್‌ಗೆ ಲೋಡೇ ಇಲ್ಲ. ಟ್ರಾನ್ಸಿಸ್ಟರ್ ಆಂಪ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಟ್ಯೂಬ್ ಆಂಪ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ತುಂಬಿದ ಶಕ್ತಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ವೋಲ್ಟೇಜ್ ಆಗಿ ವಾಪಸ್ ಪ್ರೈಮರಿ (ಟ್ಯೂಬ್ ಕಡೆಯ ಸುತ್ತು) ಮೇಲೆ ಬೀಳುತ್ತದೆ. ಸುಮ್ಮನಿದ್ದಾಗಲೇ ಅಲ್ಲಿ 450 ವೋಲ್ಟ್ ಆಸುಪಾಸು ಇರುತ್ತದೆ, ಬಾರಿಸಿದರೆ ಸಾವಿರ ದಾಟಿ ಏರುತ್ತದೆ. ನಾನು ವಾಲ್ಯೂಮ್ ಏರಿಸಿ ಬಾರಿಸಿದ್ದು ಅಂದರೆ ಅದನ್ನೇ ಕರೆದು ಕೂರಿಸಿದ ಹಾಗಾಯ್ತು. ಟ್ಯೂಬಿನ ಹೈ ವೋಲ್ಟೇಜ್ ನಿಲ್ಲಿಸುವ ಸ್ಟ್ಯಾಂಡ್‌ಬೈ ಸ್ವಿಚ್ ಒಂದು ಗೇಣು ಪಕ್ಕದಲ್ಲೇ ಇತ್ತು. ಆಮೇಲೆ ಬಿಚ್ಚಿ ನೋಡಿದರೆ ಇಎಲ್34ರ ತಳದಲ್ಲಿ 2 ಮತ್ತು 3ನೇ ಪಿನ್ ಮಧ್ಯೆ ಪೆನ್ಸಿಲಲ್ಲಿ ಗೆರೆ ಎಳೆದ ಹಾಗೆ ಕಪ್ಪು ಜಾಡು. 3 ಆನೋಡ್, 2 ಹೀಟರ್, ಕಿಡಿ ಹಾರಿದ್ದು ಅಲ್ಲೇ.

ಹಳೆಯ ಫೆಂಡರ್ ಆಂಪ್‌ಗಳಲ್ಲಿ ಜ್ಯಾಕ್ ಹಾಕದಿದ್ದರೆ ಔಟ್‌ಪುಟ್ ತಾನೇ ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ ಅಂತ ಯಾರಾದರೂ ಹೇಳಬಹುದು. ನಿಜ. ಆದರೆ ಜ್ಯಾಕ್ ಹಾಕಿದ್ದು ಕೇಬಲ್ ಒಳಗೆ ತುಂಡಾಗಿದ್ದರೆ ಆ ಉಪಾಯವೂ ಕೆಲಸಕ್ಕೆ ಬರಲ್ಲ.

ಟ್ರಾನ್ಸ್‌ಫಾರ್ಮರ್ ಅನ್ನು ಬೆಂಗಳೂರಿನ ಎಸ್.ಪಿ. ರೋಡ್ ಕಡೆ ವೈಂಡಿಂಗ್ ಮಾಡಿಸಿದೆ. ಸುತ್ತು ಎಣಿಸಿ ಅಷ್ಟೇ ಸುತ್ತಿಕೊಟ್ಟರು, ಪ್ರೈಮರಿ ಪೂರ್ತಿ ಒಳಗೆ, ಸೆಕೆಂಡರಿ (ಸ್ಪೀಕರ್ ಕಡೆಯ ಸುತ್ತು) ಪೂರ್ತಿ ಮೇಲೆ. ಆಡಿಯೋ ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡನ್ನೂ ಪದರ ಪದರವಾಗಿ ಮಧ್ಯೆ ಮಧ್ಯೆ ಸೇರಿಸಿ ಸುತ್ತಬೇಕು, ಇಲ್ಲದಿದ್ದರೆ ಟ್ರೆಬಲ್ ಸತ್ತುಹೋಗುತ್ತದೆ. ಹಾಗೇ ಆಯ್ತು. ಕೊನೆಗೆ ಕೆನಡಾದ ಹ್ಯಾಮಂಡ್ ಟ್ರಾನ್ಸ್‌ಫಾರ್ಮರ್ ತರಿಸಿದೆ, ಕಸ್ಟಮ್ಸ್ ಸುಂಕ ಬೇರೆ ಕಟ್ಟಿ. ಆ ದುಡ್ಡಲ್ಲಿ ಇನ್ನೊಂದು ಕ್ಯಾಬ್ ಬರುತ್ತಿತ್ತು.

ಈಗ ನಿಮ್ಮ 5.33. ಸೆಲೆಕ್ಟರ್ 4ಕ್ಕೆ ಇಡಿ, ನುಡಿಸಿ. ಅಷ್ಟೇ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಯಾವಾಗಲೂ 8 ಇರಲ್ಲ, ಬೇಸ್‌ನ ಒಂದು ಜಾಗದಲ್ಲಿ ಹಲವು ಪಟ್ಟು ಏರುತ್ತದೆ, ಟ್ರೆಬಲ್ ಕಡೆಗೂ ಏರುತ್ತಾ ಹೋಗುತ್ತದೆ. ಅಂಥದ್ದರಲ್ಲಿ 4ಕ್ಕೂ 5.33ಕ್ಕೂ ಇರುವ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ರೆಸಿಸ್ಟರ್ ಅಂತೂ ಬೇಡವೇ ಬೇಡ. 8 ಮಾಡಲು 2.67 ಓಮ್ ಸೀರೀಸ್‌ನಲ್ಲಿ ಹಾಕಬೇಕು, ನಿಮ್ಮ 50 ವ್ಯಾಟ್‌ನಲ್ಲಿ ಮೂರನೇ ಒಂದು ಭಾಗ ಅದರಲ್ಲೇ ಬಿಸಿಯಾಗಿ ಹೋಗುತ್ತದೆ. (ಟ್ರಾನ್ಸಿಸ್ಟರ್ ಆಂಪ್‌ಗೆ ನಿಯಮವೇ ಬೇರೆ. ಹಿಂದೆ ಬರೆದಿರುವ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿಯಬಾರದು, ಮೇಲೆ ಎಷ್ಟಿದ್ದರೂ ಪವರ್ ಕಮ್ಮಿ ಆಗುತ್ತದೆ ಅಷ್ಟೇ.)

ಆದರೆ ನನ್ನನ್ನು ಕೇಳಿದರೆ ಆ 16 ಓಮ್ ಕ್ಯಾಬ್ ಸೇರಿಸೋದೇ ದಂಡ. ಪ್ಯಾರಲಲ್‌ನಲ್ಲಿ ಪವರ್ ಸಮ ಹಂಚಿಕೆ ಆಗಲ್ಲ, 8 ಓಮಿಗೆ ಮೂರರಲ್ಲಿ ಎರಡು ಪಾಲು ಹೋಗುತ್ತದೆ, 16ಕ್ಕೆ ಒಂದು ಪಾಲು. ನಿಮ್ಮ 8 ಓಮ್ ಕ್ಯಾಬ್‌ನಲ್ಲಿ ಒಂದೇ ಒಂದು 25 ವ್ಯಾಟ್ ಗ್ರೀನ್‌ಬ್ಯಾಕ್ ಸ್ಪೀಕರ್ ಇದ್ದರೆ ಅದರ ಮೇಲೆ 33 ವ್ಯಾಟ್ ಬೀಳುತ್ತದೆ, ಬಾಳಲ್ಲ. ಉಲ್ಟಾ, ನಿಮ್ಮದರಲ್ಲಿ ವಿಂಟೇಜ್ 30 ಸ್ಪೀಕರ್ ಇದ್ದು ಗೆಳೆಯನದರಲ್ಲಿ ಗ್ರೀನ್‌ಬ್ಯಾಕ್ ಇದ್ದರೆ, ಅಷ್ಟೇ ಪವರ್ ಕೊಟ್ಟರೂ ಮೊದಲೇ ಒಂದು 100 ಡೆಸಿಬಲ್ ಸೌಂಡ್ ಕೊಡುವಂಥದ್ದು, ಇನ್ನೊಂದು 98ರದು, ಅದರ ಮೇಲೆ ಅರ್ಧ ಪವರ್. ಅವನ ಕ್ಯಾಬ್ ಸುಮಾರು 5 ಡೆಸಿಬಲ್ ಹಿಂದೆ ಉಳಿಯುತ್ತದೆ. ಇಷ್ಟಕ್ಕೂ ಸ್ಟೇಜ್ ಮೇಲೆ ಮೈಕ್ ಇಡೋದು ಒಂದು ಸ್ಪೀಕರ್‌ಗೆ, ಜನಕ್ಕೆ ಪಿ.ಎ.ನಲ್ಲಿ (ಸಭೆಯ ಲೌಡ್‌ಸ್ಪೀಕರ್‌ನಲ್ಲಿ) ಕೇಳೋದೂ ಅದೇ. ಇನ್ನೊಂದನ್ನು ಆಟೋದಲ್ಲಿ ಹೊತ್ತು ತರೋದು ಯಾರಿಗೋಸ್ಕರ?

ಆದರೂ ಸೇರಿಸ್ತೀನಿ ಅಂದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂ ಎರಡು ಕೋರ್ ವೈರ್ ತಗೊಂಡು ಒಳ್ಳೆ ಲೋಹದ ಪಿ38 ಜ್ಯಾಕ್ ಬೆಸುಗೆ ಹಾಕಿಸಿ, ಗಿಟಾರ್ ಕೇಬಲ್ ಜೊತೆ ಬೆರೆಯದ ಹಾಗೆ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ. ಅದನ್ನು ಗೆಳೆಯನ ಕ್ಯಾಬ್‌ಗೆ ಚುಚ್ಚಿ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 16 ಓಮ್ ಆಗಿದ್ದರೆ 12ರ ಆಸುಪಾಸು ತೋರಿಸಬೇಕು, 8 ಆಗಿದ್ದರೆ 6-7. ಸೆಕೆಂಡ್ ಹ್ಯಾಂಡ್ ಕ್ಯಾಬ್‌ಗಳಲ್ಲಿ ಹಿಂದಿನವರು ಸ್ಪೀಕರ್ ಬದಲಾಯಿಸಿ ಸ್ಟಿಕರ್ ಹಾಗೇ ಬಿಟ್ಟಿರೋದು ಮಾಮೂಲಿ. ಹಿಂದಿನ ಹಲಗೆ ಬಿಚ್ಚಿ ಎರಡೂ ಕ್ಯಾಬ್‌ನಲ್ಲಿ ಯಾವ ಸ್ಪೀಕರ್ ಇದೆ ನೋಡಿ ಇಲ್ಲೇ ಬರೆಯಿರಿ, ಆಮೇಲೆ ಯಾವುದು ತಡೆಯುತ್ತೆ ಯಾವುದು ತಡೆಯಲ್ಲ ಹೇಳ್ತೀನಿ.