ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಯೂನಿಯನ್ ಇಲ್ಲ. ಸಂಬಳ ಜಾಸ್ತಿ ಕೇಳೋದು ಹೇಗೆ?

ದಯವಿಟ್ಟು ಒಬ್ಬರೇ ಹೋಗಿ ಕೇಳಬೇಡಿ. ನಾನೂ ಅಲ್ಲೇ ಗುತ್ತಿಗೆ ಮೇಲೆ ದುಡಿದವನು. ಒಬ್ಬ ಆಪರೇಟರ್ ಬಿಟ್ಟರೆ ಮಾರನೇ ದಿನವೇ ಮಾಲೂರು, ಮುಳಬಾಗಿಲು ಕಡೆಯಿಂದ ಇನ್ನೊಬ್ಬ ಬರುತ್ತಾನೆ. ಇದು ಸೂಪರ್‌ವೈಸರ್‌ಗೂ ಗೊತ್ತು. ಆದರೆ ಇಡೀ ಲೈನ್‌ನವರನ್ನು ಒಂದೇ ದಿನದಲ್ಲಿ ಬದಲಾಯಿಸೋಕೆ ಆಗಲ್ಲ. ಹೊಸಬರಿಗೆ ಕೈ ಕುದುರುವ ತನಕ ಮಾಲು ರಿಜೆಕ್ಟ್ ಆಗುತ್ತದೆ, ಲೋಡು ತಡವಾಗುತ್ತದೆ. ನಿಮ್ಮ ಬಲ ಇರುವುದು ಅಲ್ಲಿ.

ದೊಡ್ಡ ತೊಡಕು ಅಂದರೆ ಇಬ್ಬರು ಯಜಮಾನರು. ಕಂಪನಿಯವರು ನಮ್ಮನ್ನು ಕಳಿಸಿದ ಗುತ್ತಿಗೆ ಏಜೆನ್ಸಿಯವರನ್ನು ಕೇಳಿ ಅಂತಾರೆ, ಏಜೆನ್ಸಿಯವರು ಕಂಪನಿಯಿಂದ ಬಿಲ್ ಪಾಸಾಗಿಲ್ಲ ಅಂತಾರೆ. ನಮ್ಮನ್ನು ಓಟಿ (ಹೆಚ್ಚುವರಿ ಗಂಟೆ ದುಡಿದ) ದುಡ್ಡಿಗೆ ಹೀಗೇ ಅಲೆದಾಡಿಸಿದರು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಂಪನಿಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಅದರ ಜಾಗಕ್ಕೆ ಬಂದ ಈಗಿನ ಕಾರ್ಮಿಕ ಸಂಹಿತೆಯಲ್ಲೂ ಇದೆ. ನಾವು ಹಾಜರಿ, ಸ್ಯಾಲರಿ ಸ್ಲಿಪ್ ಎಲ್ಲಾ ಜೋಡಿಸಿ ಇಬ್ಬರಿಗೂ ಒಂದೇ ಅರ್ಜಿ ಬರೆದೆವು. ಯಾರು ಮುಂದಾಳು ಅಂತ ಗೊತ್ತಾಗಬಾರದು ಅಂತ ಟೋಕನ್ ನಂಬರ್ ಪ್ರಕಾರ ಸಹಿ ಹಾಕಿದೆವು. ಒಂದು ಪ್ರತಿ ಕೋಲಾರದ ಕಾರ್ಮಿಕ ಇಲಾಖೆಗೆ ಕೊಟ್ಟು ಸ್ವೀಕೃತಿ ತಗೊಂಡೆವು. ಬಾಕಿ ಓಟಿ ಬಂತು. ಸಂಬಳ ಮಾತ್ರ ಏರಲಿಲ್ಲ.

ಬಾಕಿ ಕೇಳುವುದು ಬೇರೆ, ಹೆಚ್ಚು ಕೇಳುವುದು ಬೇರೆ. ಬಾಕಿಗೆ ಕಾನೂನು ಜೊತೆಗಿದೆ. ಕನಿಷ್ಠ ವೇತನದ ಮೇಲೆ ಒಂದು ರೂಪಾಯಿ ಬೇಕಂದರೂ ಒಗ್ಗಟ್ಟೇ ಗತಿ, ಅದು ವರ್ಷಗಟ್ಟಲೆ ನಿಲ್ಲಬೇಕಾದರೆ ಯೂನಿಯನ್ ಬೇಕು. ನೋಂದಣಿಗೆ ಶೇ. 10ರಷ್ಟು ಕಾರ್ಮಿಕರು ಅಥವಾ 100 ಜನ, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟು ಸದಸ್ಯರು ಸಾಕು. ಆದರೆ ಏಳಕ್ಕಿಂತ ಕಮ್ಮಿ ಇರಬಾರದು.

2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟಿಗೆ ಆದದ್ದು ನಿಮಗೂ ನೆನಪಿರಬಹುದು. ಗಾಜು ಒಡೆದು, ಗಾಡಿ ಸುಟ್ಟು, ನೂರಕ್ಕೂ ಹೆಚ್ಚು ಹುಡುಗರು ಬಂಧನಕ್ಕೊಳಗಾದರು. ವಾರದೊಳಗೆ ಕಂಪನಿಯೇ ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲ ಅಂತ ಒಪ್ಪಿ ಕ್ಷಮೆ ಕೇಳಿತು. ದೂರು ನಿಜವಾಗಿತ್ತು, ಆದರೂ ಜೈಲು ಕಂಡವರು ಕಾರ್ಮಿಕರೇ. ಅವರ ಪರವಾಗಿ ಕೂತು ಮಾತಾಡುವ ಒಂದು ಸಂಘ ಒಳಗಿದ್ದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಅಂತ ನಾನು ಇವತ್ತಿಗೂ ನಂಬುತ್ತೇನೆ.

ನೀವು ಮೊದಲು ಸ್ಲಿಪ್ ತೆಗೆದು ನೋಡಿ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಬದಲಾಗುತ್ತದೆ, ಅದನ್ನು ಸೇರಿಸಿದ್ದಾರಾ? ಪಿಎಫ್, ಇಎಸ್‌ಐ ಕಟ್ಟಿದ್ದಾರಾ? ಅಲ್ಲೇ ಕೊರತೆ ಸಿಕ್ಕರೆ ಪಕ್ಕದವರ ಸ್ಲಿಪ್ ಕೂಡ ಕೇಳಿ ನೋಡಿ.