ದಾವಣಗೆರೆಯಿಂದ ಮಂಜೇಶ್ವರಕ್ಕೆ ಪಕ್ಷದ ನಂಟು ಬೆಳೆಸುವವರಿಗೆ

ದಾವಣಗೆರೆಯ ನಿಮ್ಮ ತಾಲ್ಲೂಕು ಘಟಕಕ್ಕೂ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ನಮ್ಮ ಕಡೆಯ ಘಟಕಕ್ಕೂ ನಂಟು ಬೆಳೆಸುವುದು ಹೇಗೆ ಎಂದು ಕೇಳಿದ್ದೀರಿ. ಯಾವ ಪಕ್ಷ ಎಂದು ಮಾತ್ರ ಹೇಳಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು. ರಾಜ್ಯದ ಗಡಿಯಾದ ತಲಪಾಡಿ ದಾಟಿದರೂ ಪಕ್ಷದ ಹೆಸರು ಅದೇ ಇರುತ್ತದೆ, ನೆಂಟರು ಬದಲಾಗುತ್ತಾರೆ.

ಜಾತ್ಯತೀತ ಜನತಾದಳವನ್ನೇ ನೋಡಿ. 2023ರಲ್ಲಿ ಅದು ಬಿಜೆಪಿಯ ಜೊತೆ ಕೈಜೋಡಿಸಿತು. ಕೇರಳದಲ್ಲಿ ಆ ಪಕ್ಷದವರು ಎಡರಂಗ ಬಿಟ್ಟು ಕದಲಲಿಲ್ಲ, ಅವರ ಕೆ. ಕೃಷ್ಣನ್‌ಕುಟ್ಟಿ ಪಿಣರಾಯಿ ವಿಜಯನ್ ಸಂಪುಟದಲ್ಲಿ ಸಚಿವರಾಗಿಯೇ ಉಳಿದರು. ಕಾಂಗ್ರೆಸ್ಸು, ಮಾರ್ಕ್ಸ್‌ವಾದಿಗಳು ದೆಹಲಿಯಲ್ಲಿ ಒಂದೇ ವೇದಿಕೆಯ ಮೇಲೆ ಕಾಣಿಸಿಕೊಂಡರೂ ಇಲ್ಲಿ ಹಾವು ಮುಂಗುಸಿ. ಮಂಜೇಶ್ವರ ವಿಧಾನಸಭಾ ಚುನಾವಣೆ ಬಂತೆಂದರೆ ಕಾಂಗ್ರೆಸ್ ಕಾರ್ಯಕರ್ತರು ಮತ ಕೇಳುವುದು ಮಿತ್ರಪಕ್ಷ ಮುಸ್ಲಿಂ ಲೀಗಿನ ಏಣಿ ಗುರುತಿಗೆ. ಇದೆಲ್ಲ ತಿಳಿಯದೆ ಬಂದು, ನಿಮ್ಮೂರಿನ ಎದುರಾಳಿಯನ್ನು ಇಲ್ಲಿಯ ಸಭೆಯಲ್ಲಿ ಬೈದರೆ, ಕುಳಿತವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಇನ್ನೊಂದು ವ್ಯತ್ಯಾಸವಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಎಲ್ಲರೂ ‘ಬೆಂಬಲಿತ’ರು. ಕೇರಳದಲ್ಲಿ ವಾರ್ಡಿನಿಂದಲೇ ಚಿಹ್ನೆಯ ಸ್ಪರ್ಧೆ. ಹಾಗಾಗಿ ಇಲ್ಲಿಯ ವಾರ್ಡ್ ಸದಸ್ಯ ಪಕ್ಷದ ಅಧಿಕೃತ ಮನುಷ್ಯ. ಮನೆ ಮಂಜೂರಾತಿ, ಪಿಂಚಣಿ, ರಸ್ತೆ ಎಲ್ಲಕ್ಕೂ ಜನ ಹಿಡಿಯುವುದು ಅವರನ್ನೇ. ನೀವು ಜಿಲ್ಲಾಧ್ಯಕ್ಷರಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡು ಹೋದರೆ ಆ ನಂಟು ಫೋಟೋದಷ್ಟೇ. ಪೈವಳಿಕೆ, ವರ್ಕಾಡಿ, ಎಣ್ಮಕಜೆಯಂಥ ಪಂಚಾಯಿತಿಗಳ ಸದಸ್ಯರನ್ನು ಹುಡುಕಿ. ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಮತ ಕೇಳಬಲ್ಲವರು ಅವರು.

ನಂಟಿಗೆ ನಿಜವಾದ ಪರೀಕ್ಷೆ ಚುನಾವಣೆ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು 89 ಮತಗಳ ಮೇಲೆ: ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಗೆದ್ದರು, ಬಿಜೆಪಿಯ ಕೆ. ಸುರೇಂದ್ರನ್ ಸೋತರು. 2021ರಲ್ಲಿ ಅದೇ ಸುರೇಂದ್ರನ್ ಎ.ಕೆ.ಎಂ. ಅಶ್ರಫ್ ಎದುರು 745 ಮತಗಳಿಂದ ಸೋತರು. ಇಷ್ಟು ತೆಳುವಾದ ಅಂತರದಲ್ಲಿ ಪುತ್ತೂರು, ಬಂಟ್ವಾಳ, ಉಳ್ಳಾಲದ ಕಡೆಯಿಂದ ಬರುವ ಕಾರ್ಯಕರ್ತರಿಗೆ ಬೆಲೆ ಇದ್ದೇ ಇದೆ. ಅಲ್ಲಿಯವರಿಗೆ ಇಲ್ಲಿ ಅತ್ತೆ, ಮಾವ, ಭೂತದ ಕೋಲ ಎಲ್ಲ ಇರುತ್ತವೆ, ಬಾಗಿಲು ತಟ್ಟಲು ಪರಿಚಯಪತ್ರ ಬೇಕಿಲ್ಲ. ನಿಮಗೆ ಬೇಕು.

ದಿನಾಂಕವನ್ನೂ ನೋಡಿಕೊಳ್ಳಿ. 2019ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡ ಏಪ್ರಿಲ್ 18ಕ್ಕೆ ಮತ ಹಾಕಿ ಮುಗಿಸಿತ್ತು, ನಮ್ಮದು 23ಕ್ಕೆ. ನಡುವೆ ಇತ್ತ ಬಂದು ದುಡಿಯಲು ಅವಕಾಶವಿತ್ತು. 2024ರಲ್ಲಿ ಎರಡೂ ಕಡೆ ಏಪ್ರಿಲ್ 26, ಯಾರ ಕೈಯೂ ಬಿಡುವಿರಲಿಲ್ಲ. ಅಂದು ನಿಮ್ಮ ದಾವಣಗೆರೆಯ ಮತದಾನ ಮೇ 7ಕ್ಕೆ ಇತ್ತು. ಬರಬಹುದಾಗಿದ್ದವರು ನೀವೇ! ಬಂದರೂ ಬಹಿರಂಗ ಪ್ರಚಾರ ಮುಗಿದೊಡನೆ ಹೊರಗಿನವರು ಕ್ಷೇತ್ರ ಬಿಡಬೇಕು ಎಂಬುದು ನೆನಪಿರಲಿ.

ಕನ್ನಡದ ಹೆಸರಿನಲ್ಲಿ ಬರುವುದಾದರೆ ಒಂದು ಎಚ್ಚರಿಕೆ. ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರಭಾಗ ಮೈಸೂರಿಗೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕು ಎಂದಿತ್ತು, ಅದನ್ನು ವೇದಿಕೆಯ ಮೇಲೆ ಗರ್ಜಿಸುವುದು ಸುಲಭ. ಗರ್ಜಿಸಿದವರು ರಾತ್ರಿ ಬಸ್ ಹತ್ತಿ ಹೋಗುತ್ತಾರೆ, ಮರುದಿನ ಪಂಚಾಯಿತಿಯಲ್ಲಿ ಮಲಯಾಳಿ ಸಹಸದಸ್ಯರ ಪಕ್ಕ ಕೂರುವವರು ನಮ್ಮವರು. ಕನ್ನಡ ಇಲ್ಲಿ ಒಂದು ಪಕ್ಷದ ಸ್ವತ್ತೂ ಅಲ್ಲ. ಲೀಗಿನ ಅಶ್ರಫ್ 2021ರಲ್ಲಿ ತಿರುವನಂತಪುರದ ಸದನದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲೇ.

ಭಾಷಣಕಾರರ ಬದಲು ನಿಮ್ಮ ಘಟಕದ ಲೆಕ್ಕಪತ್ರ ಬರೆಯುವವರನ್ನೂ ಒಬ್ಬ ಪಂಚಾಯಿತಿ ಸದಸ್ಯರನ್ನೂ ಕಳುಹಿಸಿ. ತಿರುವನಂತಪುರದಿಂದ ಮಲಯಾಳಂನಲ್ಲಿ ಬರುವ ಸುತ್ತೋಲೆಯನ್ನು ಕನ್ನಡಕ್ಕೆ ತಂದು ಹಂಚುವ ಕೆಲಸಕ್ಕೆ ಇಲ್ಲಿ ಯಾವಾಗಲೂ ಹಣ ಸಾಲದು. ಅನುವಾದ ಇಲ್ಲಿಯವರು ಮಾಡಿಕೊಳ್ಳುತ್ತಾರೆ, ಅಚ್ಚಿನ ಖರ್ಚು ನೀವು ವಹಿಸಿಕೊಂಡರೆ ಸಾಕು. ನವೆಂಬರ್ 1ರಂದು ಮಾತ್ರ ಬರಬೇಡಿ, ಅಂದು ಕೇರಳದ್ದೂ ಹುಟ್ಟುಹಬ್ಬ, ನೀವು ನೋಡಬೇಕಾದವರೆಲ್ಲ ಯಾವುದೋ ಸಮಾರಂಭದಲ್ಲಿ ಸಿಕ್ಕಿಬಿದ್ದಿರುತ್ತಾರೆ.